ರತ್ನ ಕಟ್ಟಿದ ನನ್ನ ಕಂತು

ನನ್ನ ಸಾಲಗಳನ್ನೆಲ್ಲ ನನ್ನ ಸಂಬಳದಿಂದಲೇ ತೀರಿಸಿದೆ ಎಂದು ಇಷ್ಟು ವರ್ಷ ಹೇಳಿಕೊಂಡು ತಿರುಗಿದೆನಲ್ಲ — ಅದು ಸುಳ್ಳು. ಅವುಗಳಲ್ಲಿ ಒಂದನ್ನು ತೀರಿಸಿದವಳು ರತ್ನ. ನಮ್ಮ ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದ ರತ್ನ. ನಾನು ಅವಳ ಹೆಸರಿನಲ್ಲಿ ಸಾಲ ಎತ್ತಿದೆ, ದುಡ್ಡು ನಾನು ಬಳಸಿದೆ, ಕಂತನ್ನು ಅವಳ ತಲೆಗೆ ಕಟ್ಟಿದೆ. ಅವಳು ಕಟ್ಟಲಾಗದೆ ನಿಂತ ದಿನ ಅವಳ ಹೊಲಿಗೆ ಮಿಷನ್ ಹೊತ್ತು ಇಳಿಸಿದ ಹೆಂಗಸರಲ್ಲಿ ನಾನೂ ಒಬ್ಬಳು. ಮಿಷನ್ನಿನ ಮೇಜಿನ ಒಂದು ತುದಿ ನನ್ನ ಕೈಯಲ್ಲಿತ್ತು.

ಇಷ್ಟು ಬರೆಯುವುದಕ್ಕೆ ಬೆಳಗಿನಿಂದ ಕೂತಿದ್ದೇನೆ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋಯಿತು. ನನ್ನ ಯಜಮಾನರು ಬಂದು, "ಏನೇ, ಯಾರಿಗೆ ಅರ್ಜಿ ಬರೀತಿದೀಯ?" ಎಂದು ರೇಗಿಸಿ ಹೋದರು. ನಾನು ತಿರುಗಿ ಉತ್ತರ ಕೊಡದಿದ್ದದ್ದು ನೋಡಿ ಅವರಿಗೇ ಆಶ್ಚರ್ಯ. ಈ ಮನೆಯಲ್ಲಿ ನನ್ನ ಬಾಯಿ ಸುಮ್ಮನಿದ್ದ ದಿನವೇ ಕಡಿಮೆ. ಬೇಡದ ಕಡೆಯೆಲ್ಲ ಪಟಪಟ ಅನ್ನುವ ಈ ಬಾಯಿ ಬೇಕಾದ ಒಂದು ದಿನ, ಒಂದೇ ಒಂದು ದಿನ — ಇರಲಿ, ಮೊದಲಿನಿಂದ ಹೇಳುತ್ತೇನೆ.

ನನ್ನ ಹೆಸರು ಸುಶೀಲ. ನಾವು ಹೆಬ್ಬಗೋಡಿಯ ಹಳೇ ಊರಿನವರು. ರಾಗಿ ಬೆಳೆಯುತ್ತಿದ್ದ ಹೊಲ ಮಾವನವರ ಕಾಲಕ್ಕೇ ಹೋಯಿತು. ಅಣ್ಣತಮ್ಮಂದಿರ ಪಾಲಿನಲ್ಲಿ ನಮಗೆ ಬಂದದ್ದು ಒಂದು ಚಿಕ್ಕ ಸೈಟು, ಅದರಲ್ಲೊಂದು ಮನೆ. ಅಕ್ಕಪಕ್ಕದ ನೆಂಟರೆಲ್ಲ ನಾಲ್ಕು ಅಂತಸ್ತು ಎಬ್ಬಿಸಿ, ಕಂಪನಿಯ ಹುಡುಗರಿಗೆ ಬಾಡಿಗೆಗೆ ಕೊಟ್ಟು, ಕಾಲ ಮೇಲೆ ಕಾಲು ಹಾಕಿಕೊಂಡು ಕೂತರು. ನಮಗೂ ಆಸೆಯಾಯಿತು. ನನ್ನ ಯಜಮಾನರು ಒಂದು ಗೋದಾಮಿನಲ್ಲಿ ಕಾವಲಿನವರು, ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ಊಟ ಬಡಿಸುವವಳು. ಈ ಎರಡು ಸಂಬಳ ನಂಬಿಕೊಂಡು ಮಹಡಿಯ ಮೇಲೆ ಎರಡು ರೂಮು ಹಾಕಿಸಿದೆವು. ಬ್ಯಾಂಕಿನದೊಂದು ಸಾಲ, ಒಡವೆ ಅಡವಿಟ್ಟದ್ದೊಂದು, ಅದೂ ಸಾಲದೆ ಮೀಟರ್ ಬಡ್ಡಿಯವನ ಹತ್ತಿರ ಒಂದು. ಬಾಡಿಗೆ ಬರುತ್ತದಲ್ಲ, ತೀರುತ್ತದೆ ಬಿಡು ಎಂಬ ಧೈರ್ಯ.

ಬಣ್ಣ ಒಣಗುವ ಹೊತ್ತಿಗೆ ಕಂಪನಿಗಳೆಲ್ಲ ಮನೆಯಿಂದಲೇ ಕೆಲಸ ಮಾಡಿ ಅಂದವು. ಹುಡುಗರು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋದರು. ರೂಮುಗಳಿಗೆ ಬೀಗ ಬಿತ್ತು. ಉಣ್ಣುವವರೇ ಇಲ್ಲದ ಮೇಲೆ ಕ್ಯಾಂಟೀನಿನಲ್ಲಿ ನನಗೇನು ಕೆಲಸ? ಅರ್ಧ ಸಂಬಳಕ್ಕೆ ತಂದು ನಿಲ್ಲಿಸಿದರು. ಮೀಟರ್ ಬಡ್ಡಿಯವನಿಗೆ ಮಾತ್ರ ರಜೆಯಿರಲಿಲ್ಲ.

ಆ ಹೊತ್ತಿನಲ್ಲಿ ಬಂದವಳು ರತ್ನ. ಆಟೋದಲ್ಲಿ ಒಂದು ಹೊಲಿಗೆ ಮಿಷನ್, ಕೈಯಲ್ಲಿ ಒಂದು ಬಟ್ಟೆಯ ಚೀಲ. ಗಾರ್ಮೆಂಟ್ಸಿನಲ್ಲಿ ಟೈಲರ್, ಗಂಡ ಬಿಟ್ಟು ಹೋಗಿದ್ದಾನೆ, ಮುಂಚೆ ಇದ್ದ ಮನೆಯವರು ಅಡ್ವಾನ್ಸಿನಲ್ಲಿ ಬಣ್ಣದ ಖರ್ಚು, ಅದು ಇದು ಎಂದು ಮುರಿದುಕೊಂಡು ಚಿಲ್ಲರೆ ಕಾಸು ಕೊಟ್ಟು ಕಳಿಸಿದ್ದಾರೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಇಡದೆ ಯಾರೂ ಬೀಗದ ಕೈ ಕೊಡುವುದಿಲ್ಲ. ನಾನು ಕೊಟ್ಟೆ. "ಇರು ಕಣಮ್ಮ, ಅಡ್ವಾನ್ಸು ಆಮೇಲೆ ನೋಡೋಣ" ಅಂದೆ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟಳು. ಬೀದಿಯವರೆಲ್ಲ ನನ್ನನ್ನು ದೊಡ್ಡ ಮನಸ್ಸಿನವಳು ಅಂದರು. ನಿಜ ಹೇಳಬೇಕೆಂದರೆ ಆ ರೂಮನ್ನು ಕೇಳುವವರೇ ಇರಲಿಲ್ಲ. ಖಾಲಿ ಬಿದ್ದಿದ್ದಕ್ಕೆ ಬಾಡಿಗೆಯಾದರೂ ಬರಲಿ ಎಂದು ಕೊಟ್ಟದ್ದು. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ.

ಆದರೆ ಅವಳು ಅದನ್ನು ಮರೆಯಲಿಲ್ಲ. ಗಾರ್ಮೆಂಟ್ಸಿನಿಂದ ಬಂದವಳೇ ಮಿಷನ್ ಮುಂದೆ ಕೂತು ಬೀದಿಯವರ ರವಿಕೆ ಹೊಲಿಯುತ್ತಿದ್ದಳು. ನನ್ನದಕ್ಕೆ ಮಾತ್ರ ಒಂದು ಸಲವೂ ಕೂಲಿ ತೆಗೆದುಕೊಳ್ಳಲಿಲ್ಲ. "ಇನ್ನೊಂದು ಸ್ವಲ್ಪ ಗಿರಾಕಿ ಆಗ್ಲಿ ಅಕ್ಕ, ಗಾರ್ಮೆಂಟ್ಸ್ ಬಿಟ್ಬಿಡ್ತೀನಿ. ಆ ಸೂಪರ್‌ವೈಸರ್ ಬೈಗುಳ ಕೇಳೋಕಾಗಲ್ಲ. ಈ ಮಿಷನ್ ಒಂದಿದ್ರೆ ನಾನು ಯಾರಿಗೂ ತಲೆ ಬಗ್ಗಿಸ್ಬೇಕಾಗಿಲ್ಲ" ಅನ್ನುತ್ತಿದ್ದಳು. ಆ ಮಾತು ಹೇಳುವಾಗ ಮಿಷನ್ನಿನ ಮೇಲೆ ಕೈಯಿಟ್ಟು, ಎಮ್ಮೆಯ ಬೆನ್ನು ಸವರುವ ಹಾಗೆ ಸವರುತ್ತಿದ್ದಳು.

ಈಗ ಸಂಘದ ವಿಷಯ ಹೇಳಬೇಕು. ನಮ್ಮ ಬೀದಿಯಲ್ಲಿ ಹತ್ತು ಹೆಂಗಸರ ಗುಂಪು, ರತ್ನ ಬಂದ ಮೇಲೆ ಅವಳನ್ನೂ ಸೇರಿಸಿಕೊಂಡೆವು. ಒಂದು ಫೈನಾನ್ಸ್ ಕಂಪನಿ ಒಬ್ಬೊಬ್ಬರಿಗೂ ಸಾಲ ಕೊಡುತ್ತದೆ. ಒಡವೆ ಬೇಡ, ಪತ್ರ ಬೇಡ. ಒಬ್ಬರಿಗೆ ಉಳಿದವರೆಲ್ಲ ಜಾಮೀನು. ಪ್ರತಿ ಮಂಗಳವಾರ ಬೆಳಿಗ್ಗೆ ನಮ್ಮ ಮನೆಯ ಜಗುಲಿಯ ಮೇಲೆ ಎಲ್ಲರೂ ಸೇರುತ್ತೇವೆ. ಕಂತಿನ ಸಾರ್ ಬೈಕಿನಲ್ಲಿ ಬರುತ್ತಾರೆ. ಒಬ್ಬಳು ಕಟ್ಟದಿದ್ದರೂ ಉಳಿದವರು ಸೇರಿಸಿ ತುಂಬಬೇಕು, ಅಲ್ಲಿಯವರೆಗೆ ಯಾರೂ ಏಳುವ ಹಾಗಿಲ್ಲ. ಗುಂಪಿನ ಲೀಡರ್ ನಾನು. ಸ್ವಂತ ಮನೆಯವಳು, ಊರಿನವಳು, ಜೊತೆಗೆ ಬಾಯಿ ಇರುವವಳು — ಇನ್ನೇನು ಬೇಕು?

ನನ್ನ ಹೆಸರಿನಲ್ಲಿ ಸಂಘದ ಸಾಲ ಆಗಲೇ ಇತ್ತು. ಇನ್ನೊಂದು ಕೊಡುವುದಿಲ್ಲ ಅಂದರು. ಅತ್ತ ಮೀಟರ್ ಬಡ್ಡಿಯವನು ಬೀದಿಯಲ್ಲಿ ಕೂಗಿದ್ದು ಸಾಲದೆಂದು ಕ್ಯಾಂಟೀನಿನ ಗೇಟಿಗೇ ಬಂದು, ಸೆಕ್ಯುರಿಟಿಯವರ ಮುಂದೆ ನನ್ನ ಹೆಸರು ಹಿಡಿದು ಕೂಗಲು ಶುರು ಮಾಡಿದ್ದ. ನಾನು ಮಹಡಿ ಹತ್ತಿದೆ. ರತ್ನ ಗುಂಡಿ ಹೊಲಿಯುತ್ತಿದ್ದಳು. "ನಿನ್ನ ಹೆಸರಲ್ಲಿ ಒಂದು ಎತ್ತಿಕೊಡೇ, ಕಂತು ನಾನು ಕಟ್ತೀನಿ. ನಿಂಗೇನೂ ತೊಂದ್ರೆ ಇಲ್ಲ" ಅಂದೆ. ಅವಳು ಯೋಚಿಸಲೇ ಇಲ್ಲ. "ನೀವು ಕೇಳಿದ್ಮೇಲೆ ಇಲ್ಲ ಅಂತೀನಾ ಅಕ್ಕ?" ಅಂದಳು.

ಸಂಘಗಳಲ್ಲಿ ಇದು ನಡೆಯುತ್ತದೆ — ಹೆಸರು ಒಬ್ಬಳದು, ದುಡ್ಡು ಇನ್ನೊಬ್ಬಳದು. ಕಂಪನಿಯವರಿಗೆ ಗೊತ್ತಾಗಬಾರದು, ಅಷ್ಟೇ. ಅವಳು ಸಹಿ ಹಾಕಿ, ದುಡ್ಡು ಎತ್ತಿ, ಸೆರಗಿನಲ್ಲಿ ಮುಚ್ಚಿಕೊಂಡು ತಂದು ನನ್ನ ಕೈಗೆ ಕೊಟ್ಟಳು. ಎಣಿಸಿ ನೋಡಿ ಅಕ್ಕ ಅಂದಳು. ನಾನು ಎಣಿಸಿದೆ ಕೂಡ. ಅದನ್ನು ಮೀಟರ್ ಬಡ್ಡಿಯವನಿಗೆ ಕೊಟ್ಟು ಅವನ ಕೂಗಾಟ ನಿಲ್ಲಿಸಿದೆ, ಅಸಲು ಹಾಗೇ ಉಳಿಯಿತು.

ಮೊದಮೊದಲು ಸರಿಯಾಗಿಯೇ ನಡೆದೆ. ಸೋಮವಾರ ಸಂಜೆ ದುಡ್ಡನ್ನು ಅವಳ ಕೈಗೆ ಕೊಡುವುದು, ಮಂಗಳವಾರ ಬೆಳಿಗ್ಗೆ ಅವಳು ತನ್ನ ಕಂತೆಂದು ಕಟ್ಟುವುದು. ಅಷ್ಟರಲ್ಲಿ ನಮ್ಮ ಕ್ಯಾಂಟೀನ್ ಮತ್ತೆ ಪೂರ್ತಿ ಶುರುವಾಯಿತು. ಕೆಲಸದವರಿಗೆ ದುಡ್ಡಿನ ಲೆಕ್ಕದ ಬುದ್ಧಿ ಹೇಳಲು ಒಬ್ಬ ಮೇಡಂ ಬಂದರು. ಸಂಬಳ ಚಿಕ್ಕದಾದರೂ ಸಾಲದಿಂದ ಹೊರಗೆ ಬರಬಹುದು, ಎಲ್ಲಾ ಸಾಲಕ್ಕೂ ಸ್ವಲ್ಪ ಸ್ವಲ್ಪ ಹಾಕುತ್ತಾ ಕೂತರೆ ಯಾವುದೂ ತೀರುವುದಿಲ್ಲ, ಜಾಸ್ತಿ ಕಚ್ಚುವ ಸಾಲವನ್ನು ಮೊದಲು ಮುಗಿಸಿ ಅಂದರು. ನನಗೆ ಅದು ಚೆನ್ನಾಗಿ ತಲೆಗೆ ಹೋಯಿತು.

ನಾನು ಪಟ್ಟ ಪಾಡು ಸುಳ್ಳಲ್ಲ. ಮುಂದಿನ ಕೋಣೆಯನ್ನೂ ಬಾಡಿಗೆಗೆ ಕೊಟ್ಟು ನಾವು ಅಡುಗೆಮನೆಯಲ್ಲೇ ಮಲಗಿದೆವು. ಶೇರ್ ಆಟೋ ಬಿಟ್ಟು ನಡೆದೆ. ಭಾನುವಾರ ಕಲ್ಯಾಣ ಮಂಟಪಗಳಲ್ಲಿ ತರಕಾರಿ ಹೆಚ್ಚಲು ಹೋದೆ, ಈರುಳ್ಳಿಯ ಘಾಟು ಬುಧವಾರದವರೆಗೂ ಕೈ ಬಿಡುತ್ತಿರಲಿಲ್ಲ. ಹಬ್ಬಕ್ಕೆ ಸೀರೆಯಿಲ್ಲ, ನೆಂಟರ ಮನೆಗೆ ಮುಯ್ಯಿಲ್ಲ, ಟಿವಿಗೆ ಕೇಬಲ್ ಇಲ್ಲ. ಉಳಿದ ಪ್ರತಿ ಕಾಸನ್ನೂ ಮೀಟರ್ ಬಡ್ಡಿಯವನ ಮುಖಕ್ಕೆ ಬಿಸಾಡಿದೆ. ಅವನದು ತೀರಿದ ದಿನ ಮನೆಯಲ್ಲಿ ಪಾಯಸ ಮಾಡಿದೆ.

ಆದರೆ ಆ 'ಕಚ್ಚುವ ಸಾಲ ಮೊದಲು' ಅನ್ನುವ ಲೆಕ್ಕದಲ್ಲಿ ನನ್ನನ್ನು ಕಚ್ಚದ ಸಾಲ ಒಂದೇ ಒಂದಿತ್ತು. ಅದು ರತ್ನಳ ಹೆಸರಿನದು. ಅದು ಕಚ್ಚಿದರೆ ರತ್ನಳನ್ನು ಕಚ್ಚುತ್ತಿತ್ತು. ಆ ಮೇಡಂ ಇದನ್ನು ಹೇಳಿಕೊಟ್ಟಿರಲಿಲ್ಲ. ಇದು ನಾನೇ ಕಂಡುಹಿಡಿದದ್ದು.

"ಈ ವಾರ ನೀನೇ ಹಾಕ್ಕೊಂಡಿರು ರತ್ನ, ಮುಂದಿನ ವಾರ ಸೇರಿಸಿ ಕೊಡ್ತೀನಿ" ಅಂದೆ. ಆಯ್ತಕ್ಕ ಅಂದಳು. ಮುಂದಿನ ವಾರವೂ ಅದೇ ಮಾತು. ಅದರ ಮುಂದಿನ ವಾರ ಅವಳೇ ಕೇಳುತ್ತಾಳೇನೋ ಎಂದು ನಾನು ಮಹಡಿಯ ಮೆಟ್ಟಿಲ ಕಡೆ ತಲೆ ಹಾಕಲಿಲ್ಲ. ಅವಳು ಕೇಳಲಿಲ್ಲ. ಕೇಳದಿದ್ದದ್ದು ನನಗೆ ಎಷ್ಟು ಅನುಕೂಲವಾಯಿತು ಎಂದರೆ — ಥೂ. ಅವಳ ಕೈಯಲ್ಲಿದೆ, ನಡೆಯುತ್ತಿದೆ, ಆಮೇಲೆ ಒಟ್ಟಿಗೆ ಕೊಟ್ಟರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಅವಳು ಬೆಳಿಗ್ಗೆ ತಿಂಡಿ ಬಿಟ್ಟದ್ದು, ಒಂದೇ ಚೂಡಿದಾರಿನಲ್ಲಿ ವಾರ ತಳ್ಳುತ್ತಿದ್ದದ್ದು ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ.

ಒಂದು ಮಂಗಳವಾರ ಅವಳ ಕೈ ಖಾಲಿಯಾಯಿತು. ಗಾರ್ಮೆಂಟ್ಸಿನಲ್ಲಿ ಸಂಬಳ ತಡವಾಗಿತ್ತಂತೆ. ಜಗುಲಿಯ ಮೇಲೆ ಎಲ್ಲರೂ ಕೂತಿದ್ದೇವೆ. ಕಂತಿನ ಸಾರ್ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, "ಪೂರ್ತಿ ಬರೋವರೆಗೂ ನಾನೂ ಏಳಲ್ಲ, ನೀವೂ ಏಳಂಗಿಲ್ಲ ಮೇಡಂ" ಅಂದರು. ಹೆಂಗಸರು ಗೊಣಗಲು ಶುರು ಮಾಡಿದರು. ಒಬ್ಬಳಿಗೆ ಡ್ಯೂಟಿಗೆ ಹೊತ್ತಾಗುತ್ತಿದೆ, ಇನ್ನೊಬ್ಬಳ ಒಲೆಯ ಮೇಲೆ ಅನ್ನ. ಸಂಘದಲ್ಲಿ ಹಿರಿಯಳು ಗೌರಮ್ಮ, ನನ್ನ ಯಜಮಾನರಿಗೆ ದೂರದ ಸೋದರತ್ತೆ. ಇಡೀ ಬೀದಿಗೇ ಅತ್ತೆ. ಅವಳು ಎಲೆಯಡಿಕೆ ಉಗಿದು, "ಸಾಲ ಎತ್ತೋವಾಗ ಅಲ್ಲು ಕಿರಿದೆಯಲ್ಲವ್ವಾ, ಈಗ ಯಾಕೆ ಇಂಗೆ ಬಾಯಿ ಒಲ್ಕೊಂಡು ಕುಂತಿದೀಯ?" ಅಂದಳು.

ರತ್ನ ನನ್ನ ಕಡೆ ನೋಡಿದಳು.

ಬರೀ ನೋಡಿದಳು. ಗದರಿಸುವ ನೋಟವೂ ಅಲ್ಲ, ಬೇಡುವ ನೋಟವೂ ಅಲ್ಲ. 'ಅಕ್ಕ ಇದ್ದಾರಲ್ಲ, ಈಗ ಹೇಳುತ್ತಾರೆ' ಎಂದು ಕಾಯುವ ನೋಟ. ಎಲ್ಲರೂ ನನ್ನ ಕಡೆಯೇ ತಿರುಗಿದರು, ಲೀಡರ್ ಅಲ್ಲವೇ. ಒಂದು ಮಾತು ಸಾಕಿತ್ತು. ಅದು ನಂದು ಕಣ್ರೇ, ನಾನು ಕಟ್ತೀನಿ — ಇಷ್ಟೇ. ನಾನು ಬಾಯಿ ತೆರೆದೆ. ದೇವರಾಣೆಗೂ ಆ ಮಾತು ಹೇಳಬೇಕೆಂದೇ ತೆರೆದದ್ದು. ಆದರೆ ಆಚೆ ಬಂದದ್ದು ಬೇರೆ.

"ತಗೊಂಡೋರು ಕಟ್ಟಬೇಕಲ್ವೇನಮ್ಮ?" ಅಂದೆ.

ಯಾರೋ ನನ್ನ ಬಾಯೊಳಗೆ ಕೂತು ಆಡಿದ ಹಾಗಿತ್ತು. ಆದರೆ ಯಾರೂ ಅಲ್ಲ, ನಾನೇ. ರತ್ನಳ ಮುಖದಲ್ಲಿ ಏನೂ ಆಗಲಿಲ್ಲ. ಕಣ್ಣಿನ ರೆಪ್ಪೆ ಮಾತ್ರ ಒಂದು ಸಲ ಮುಚ್ಚಿ ತೆರೆಯಿತು. ಆಮೇಲೆ ಅವಳು ನನ್ನ ಕಡೆ ನೋಡಲಿಲ್ಲ.

ಆ ವಾರದ್ದನ್ನು ಎಲ್ಲರೂ ಸೇರಿಸಿ ತುಂಬಿದರು. ಮುಂದಿನ ವಾರವೂ ತುಂಬಬೇಕಾಯಿತು. ಮೂರನೆಯ ವಾರ ಸಾರ್ ಹೊರಟು ಹೋದ ಮೇಲೆ ಗೌರಮ್ಮತ್ತೆ ಎದ್ದು ನಿಂತು, "ನಡೀರಿ ಮೇಲಕ್ಕೆ" ಅಂದಳು. ಹೆಂಗಸರು ದಡದಡ ಮೆಟ್ಟಿಲು ಹತ್ತಿದರು. ನಮ್ಮದೇ ಮನೆಯ ಮೆಟ್ಟಿಲು. ನಾನು ಕೊನೆಯಲ್ಲಿ ಹತ್ತಿದೆ. ರತ್ನ ಬಾಗಿಲಲ್ಲಿ ನಿಂತಿದ್ದಳು. ಅವಳ ರೂಮಿನಲ್ಲಿ ಹೊತ್ತುಕೊಂಡು ಹೋಗುವಂಥದ್ದು ಮಿಷನ್ ಒಂದೇ.

"ಅದೊಂದು ಬೇಡ ಅತ್ತೆ," ಅಂದಳು. "ಬೇರೆ ಏನಾದ್ರೂ ತಗೊಳ್ಳಿ. ಅದೊಂದ್ ಬಿಟ್ಬಿಡಿ."

ಬೇರೆ ಏನಿತ್ತು? ಚಾಪೆ, ಸ್ಟವ್, ಎರಡು ಪಾತ್ರೆ. ಗೌರಮ್ಮತ್ತೆ ಒಳಗೆ ಹೋಗಿ ಮಿಷನ್ನಿಗೆ ಕೈ ಹಾಕಿದಳು. "ಸುಶೀಲ, ಬಾರೇ ಈ ಕಡೆ, ಒಂದು ಕೈ ಹಾಕು" ಅಂದಳು. ನಾನು ಹಾಕಿದೆ. ಬಲವಂತದಿಂದಲ್ಲ, ಯಾರೂ ನನ್ನ ಕೈ ಹಿಡಿದು ಎಳೆಯಲಿಲ್ಲ. ಅದನ್ನು ಎತ್ತಬೇಕು, ಆಗ ರತ್ನ, "ಒಂದು ನಿಮಿಷ" ಎಂದು ಅಡ್ಡ ಬಂದಳು. ಈಗ ಹೇಳುತ್ತಾಳೆ. ಎಲ್ಲರ ಮುಂದೆ ಹೇಳಿಬಿಡುತ್ತಾಳೆ. ಅವಳು ಹೇಳಲಿ ಎಂದು ಅರ್ಧ ಮನಸ್ಸು, ಹೇಳದಿರಲಿ ಎಂದು ಇನ್ನರ್ಧ ಮನಸ್ಸು. ಅವಳು ಬಗ್ಗಿ, ಸೂಜಿಯ ಕೆಳಗಿದ್ದ ಬಟ್ಟೆಯನ್ನು ಬಿಡಿಸಿ, ದಾರವನ್ನು ಹಲ್ಲಿನಿಂದ ಕತ್ತರಿಸಿದಳು. ಅದು ನನ್ನ ರವಿಕೆ. ನಾದಿನಿಯ ಮಗಳ ಮದುವೆಗೆಂದು ನಾನು ಕೊಟ್ಟಿದ್ದ ಹಸಿರು ಬಟ್ಟೆ.

ಅದನ್ನು ಮಡಚಿ ನನ್ನ ಕೈಗಿಟ್ಟು, "ಒಂದು ತೋಳು ಹಾಕೋದು ಬಾಕಿ ಇದೆ ಅಕ್ಕ. ಬೇರೆ ಕಡೆ ಹಾಕಿಸ್ಕೊಂಡ್ಬಿಡಿ" ಅಂದಳು.

ಅಷ್ಟೇ. ನಾನು ರವಿಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಜಿನ ತುದಿ ಹಿಡಿದು ಮೆಟ್ಟಿಲು ಇಳಿದೆ. ಇವತ್ತಿಗೂ ಯಾರಾದರೂ ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದರೆ ನಾನು ಮುಖ ತಿರುಗಿಸುತ್ತೇನೆ.

ಮಿಷನ್ನನ್ನು ಕೊಂಡವಳು ಗೌರಮ್ಮತ್ತೆಯೇ, ಸೊಸೆಗೆ ಬೇಕಿತ್ತಂತೆ. ಅರ್ಧಕ್ಕರ್ಧ ಬೆಲೆ. ಸಂಘದವರು ತುಂಬಿದ್ದು ಅದರಲ್ಲಿ ತೀರಿತು. ಉಳಿದ ಕಂತುಗಳು ಹಾಗೇ ಇದ್ದವು. ರತ್ನ ತಿಂಗಳು ಮುಗಿಯುತ್ತಲೇ ರೂಮು ಖಾಲಿ ಮಾಡಿ ಸಿಂಗಸಂದ್ರಕ್ಕೆ ಹೋದಳು. ಪೀಡೆ ಹೋಯಿತು, ಇನ್ನು ಆ ಕಂತು ಸಂಘದ ಮೇಲೆ ಬೀಳುತ್ತದೆ ಎಂದು ಎಲ್ಲರೂ ಹೇಳಿಕೊಂಡೆವು — ಹೌದು, ಹೇಳಿಕೊಂಡೆವು, ನಾನೂ ಸೇರಿ. ಆದರೆ ಮಂಗಳವಾರ ಬೆಳಿಗ್ಗೆ ಬಸ್ಸಿಳಿದು ಅವಳು ಬಂದಳು. ಜಗುಲಿಯ ಅಂಚಿನಲ್ಲಿ ನಿಂತೇ ಕಂತು ಕಟ್ಟಿ, ನಾನು ಕೊಟ್ಟ ಕಾಫಿಯನ್ನು ಬೇಡ ಎಂದು, ಹೊರಟುಹೋದಳು. ಕೊನೆಯ ಕಂತಿನವರೆಗೆ ಹಾಗೆಯೇ ಬಂದಳು. ಒಂದು ವಾರ ತಪ್ಪಿಸಲಿಲ್ಲ. ಕೊನೆಯದು ಕಟ್ಟಿದ ದಿನ ಸಂಘದವರು, ಇವಳನ್ನು ಇನ್ನು ಸೇರಿಸುವುದು ಬೇಡ ಅಂದರು. ಲೀಡರ್ ಎಂದು ನಾನು ಸಹಿ ಹಾಕಿದೆ.

ಆಮೇಲೆ ನನ್ನ ಒಡವೆ ಬಿಡಿಸಿಕೊಂಡೆ, ಬ್ಯಾಂಕಿನದನ್ನೂ ಮುಗಿಸಿದೆ. ರತ್ನ ಬಿಟ್ಟ ರೂಮಿಗೂ ಬಾಡಿಗೆಯವರು ಬಂದರು. ರತ್ನಳಿಗೆ ಕೊಡಬೇಕಾದ ದುಡ್ಡು ಕೈಯಲ್ಲಿ ಇರಲಿಲ್ಲವೆಂದು ಹೇಳಲಾರೆ. ಇತ್ತು. ಹೋಗಿ ಕೊಡಲು ಮುಖ ಇರಲಿಲ್ಲ. ಒಂದು ಮನೆ ಆಚೆಯಿಂದ ಗೌರಮ್ಮತ್ತೆಯ ಸೊಸೆ ಆ ಮಿಷನ್ ತುಳಿಯುವ ಸದ್ದು ದಿನಾ ಕೇಳಿಸುತ್ತಿತ್ತು. ನಾನು ರೇಡಿಯೋ ಜೋರು ಮಾಡುತ್ತಿದ್ದೆ.

ಹೋದ ವಾರ ಗೌರಮ್ಮತ್ತೆ ಬಂದು ಕೂತಳು. ಸಂಘಕ್ಕೆ ಹೊಸದಾಗಿ ನಾಲ್ಕು ಸೊಸೆಯಂದಿರು ಸೇರುತ್ತಿದ್ದಾರೆ, ಮುಂದಿನ ಮಂಗಳವಾರ ನಾನು ಅವರಿಗೆ ಸಾಲ ತೀರಿಸಿದ ಬಗೆ ಹೇಳಬೇಕಂತೆ. "ನಿನ್ನಂಗೆ ಬದುಕೋದು ಕಲೀಲಿ ಕಣೆ. ಆ ರತ್ನನಂಗೆ ಆಗ್ಬಾರ್ದು ಅಂತ ಒಸಿ ಬಿಡಿಸಿ ಏಳು" ಅಂದಳು. ನಾನು ಊಟಕ್ಕೆ ಕೂತಿದ್ದೆ. ಅವಳ ಎದುರಿಗೇ ಎದ್ದು ಬಚ್ಚಲಿಗೆ ಹೋಗಿ ಬಾಯಲ್ಲಿದ್ದ ತುತ್ತನ್ನು ಉಗಿದೆ. ನನ್ನ ಹೆಸರಿನ ಪಕ್ಕದಲ್ಲಿ ರತ್ನಳ ಹೆಸರನ್ನು ಹೀಗಿಟ್ಟು ಕೇಳಿದ್ದು ಅದೇ ಮೊದಲು.

ಭಾನುವಾರ ಅವಳ ದುಡ್ಡನ್ನೆಲ್ಲ ತೆಗೆದುಕೊಂಡು ಸಿಂಗಸಂದ್ರಕ್ಕೆ ಹೋದೆ. ಗಾರ್ಮೆಂಟ್ಸಿನ ಒಬ್ಬಳಿಂದ ವಿಳಾಸ ಸಿಕ್ಕಿತು. ಒಂದು ಅಂಗಡಿಯ ಹಿಂಭಾಗ, ಯಾರದೋ ಮಿಷನ್ನಿನಲ್ಲಿ ದಿನಗೂಲಿಗೆ ಹೊಲಿಯುತ್ತಿದ್ದಳು. ಕೂದಲು ಅಲ್ಲಲ್ಲಿ ನೆರೆತಿತ್ತು, ಕಣ್ಣಿಗೆ ಕನ್ನಡಕ ಬಂದಿತ್ತು. ನನ್ನನ್ನು ಕಂಡು ಎದ್ದು ನಿಂತು, "ಬನ್ನಿ ಅಕ್ಕ" ಎಂದು ಸ್ಟೂಲು ಕೊಟ್ಟಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ 'ಬನ್ನಿ ಅಕ್ಕ'ಗೆ ನಾನು ಸಿದ್ಧಳಾಗಿ ಬಂದಿರಲಿಲ್ಲ.

ದುಡ್ಡಿನ ಕವರನ್ನು ಮುಂದಿಟ್ಟೆ. ತಪ್ಪಾಯ್ತು ಅಂದೆ. ಅಳು ಬಂತು, ಅತ್ತುಬಿಟ್ಟೆ. ಅವಳು ಅಳಲಿಲ್ಲ. ಕತ್ತರಿಯಿಂದ ಬಟ್ಟೆಯ ಅಂಚು ಸರಿ ಮಾಡುತ್ತಾ ಕೇಳಿಸಿಕೊಂಡಳು.

"ಅವತ್ತು ಯಾಕೆ ಬಾಯಿ ಬಿಡ್ಲಿಲ್ಲ ರತ್ನ? ಒಂದು ಮಾತು ಹೇಳಿದ್ರೆ ನಾನು—"

"ಅಡ್ವಾನ್ಸ್ ಇಲ್ದೆ ರೂಮ್ ಕೊಟ್ಟಿದ್ರಲ್ಲ ಅಕ್ಕ," ಅಂದಳು. "ಅದೊಂದು ನನ್ನ ತಲೆ ಮೇಲಿತ್ತು. ಕೊನೇ ಕಂತು ಕಟ್ಟಿದ ದಿನ ಬಸ್ಸಲ್ಲಿ ಕೂತು ಅಂದ್ಕೊಂಡೆ, ಸದ್ಯ, ಸುಶೀಲಕ್ಕಂದು ತೀರ್ತು ಅಂತ."

ಖಾಲಿ ಬಿದ್ದಿದ್ದ ರೂಮು. ಕೇಳುವವರಿಲ್ಲದ ರೂಮು. ಅದಕ್ಕೆ ಅವಳು ಮಿಷನ್ ಕೊಟ್ಟಳು, ಮಾನ ಕೊಟ್ಟಳು, ವಾರವಾರ ಬಸ್ಸು ಹತ್ತಿ ಬಂದು ಕಟ್ಟಿದಳು. ಆ ರೂಮನ್ನು ಯಾಕೆ ಕೊಟ್ಟೆ ಎಂಬುದನ್ನೂ ಅಲ್ಲೇ ಹೇಳಿದೆ. ಕತ್ತರಿ ಒಂದು ಕ್ಷಣ ನಿಂತಿತು, ಮತ್ತೆ ನಡೆಯಿತು.

ಕವರನ್ನು ಅವಳು ಮುಟ್ಟಲಿಲ್ಲ. "ದುಡ್ಡು ಆಮೇಲೆ ಅಕ್ಕ. ಮೊದ್ಲು ಸಂಘದವರ ಮುಂದೆ ಹೇಳಿ. ಆ ಜಗುಲಿ ಮೇಲೆ, ಎಲ್ಲರೂ ಇರೋವಾಗ. ಪಾಪ, ಅವರದ್ದೇನು ತಪ್ಪು? ನಾನು ತಿಂದೆ ಅಂತಾನೇ ನಂಬಿದ್ರು. ಗೊತ್ತಿದ್ದಿದ್ರೆ ಅವರು ನನ್ನ ಮಿಷನ್ ಮುಟ್ತಿರ್ಲಿಲ್ಲ. ಗೌರಮ್ಮತ್ತೆ ನಂಗೆ ಹುಷಾರಿಲ್ದಾಗ ಗಂಜಿ ತಂದುಕೊಟ್ಟಿದ್ರು, ಗೊತ್ತಾ? ಅವರ ಮನಸ್ಸಲ್ಲಿ ನಾನು ಕಳ್ಳಿ ಆಗ್ಬಿಟ್ಟೆ ಅಂತ... ಅದೊಂದೇ ನಂಗೆ." ಅಲ್ಲಿಗೆ ನಿಲ್ಲಿಸಿದಳು. ಆಗ ಮಾತ್ರ ಕತ್ತರಿಯನ್ನು ಕೆಳಗಿಟ್ಟಳು. "ಏನಂದ್ರು ಅಂತ ಬಂದು ಹೇಳಿ ಅಕ್ಕ. ಕಾಯ್ತಿರ್ತೀನಿ."

ನಿನ್ನೆ ಮಂಗಳವಾರ. ಜಗುಲಿ ತುಂಬಿತ್ತು. ಕಂತಿನ ಸಾರ್ ದುಡ್ಡು ತೆಗೆದುಕೊಂಡು ಹೋದ ಮೇಲೆ ಗೌರಮ್ಮತ್ತೆ ಹೊಸಬರಿಗೆ ನನ್ನನ್ನು ತೋರಿಸಿ, ಕೇಳಿ ಕಣ್ರವ್ವಾ ಅಂದಳು. ನಾನು ನಿಂತುಕೊಂಡೆ. ಎಲ್ಲವನ್ನೂ ಹೇಳಿದೆ. ರತ್ನಳ ಹೆಸರಿನ ಸಾಲ ನನ್ನದು, ದುಡ್ಡು ತಿಂದವಳು ನಾನು, ಅವಳು ಒಂದು ರೂಪಾಯಿ ಮುಟ್ಟಲಿಲ್ಲ, ನಾವು ಹೊತ್ತದ್ದು ತಪ್ಪಿಲ್ಲದವಳ ಮಿಷನ್ನು. ಹೇಳಿ ಮುಗಿಸಿ ಕಣ್ಣು ಮುಚ್ಚಿಕೊಂಡೆ. ಉಗಿಯುತ್ತಾರೆ, ಕೂದಲು ಹಿಡಿಯುತ್ತಾರೆ, ಲೀಡರ್‌ಗಿರಿ ಕಿತ್ತುಕೊಳ್ಳುತ್ತಾರೆ, ಏನಾದರೂ ಆಗಲಿ ಎಂದು ನಿಂತೆ.

ಏನೂ ಆಗಲಿಲ್ಲ. ಕಣ್ಣು ಬಿಟ್ಟೆ. ಹೊಸ ಸೊಸೆಯಂದಿರು ಬಾಯಿ ಬಿಟ್ಟುಕೊಂಡು ನನ್ನನ್ನು ನೋಡುತ್ತಿದ್ದರು. ಹಳೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಬ್ಬಳು ಸೆರಗು ಸರಿ ಮಾಡಿಕೊಂಡಳು. ಒಬ್ಬಳು ಚಪ್ಪಲಿ ಹುಡುಕಿದಳು.

ಗೌರಮ್ಮತ್ತೆ ಎಲೆಗೆ ಸುಣ್ಣ ಸವರುತ್ತಾ ಹೇಳಿದಳು: "ಅದ್ಯಾಕೆ ಈಗ ಎತ್ತುತೀಯ ಮಾರಾಯ್ತಿ? ಗೊತ್ತಿತ್ತಲ್ಲ."

"ಏನು ಗೊತ್ತಿತ್ತು?"

"ಅದೇ, ದುಡ್ಡು ನೀನು ತಗೊಂಡಿದ್ದು. ಆ ಮೀಟರ್ ಬಡ್ಡಿಯೋನು ಬೀದಿಗೆ ಬರೋದು ನಿಂತೋಯ್ತಲ್ಲ, ಆಗ್ಲೇ ಗೊತ್ತಾಯ್ತು. ನಮಗೇನು ಕಣ್ಣು ಕಾಣಾಕಿಲ್ವಾ?"

"ಗೊತ್ತಿದ್ದೂ ಮಿಷನ್ ಎತ್ತಿಸಿದ್ಯಾ ಅತ್ತೆ?"

"ಇನ್ನೇನು ಮಾಡನ?" ಎಲೆ ಮಡಚಿ ಬಾಯಿಗಿಟ್ಟುಕೊಂಡಳು. "ನೀನು ಊರೋಳು, ನಮ್ಮೋಳು. ದಿನಾ ಮುಖ ನೋಡ್ಬೇಕು. ನಿನ್ನ ಮನೆ ಮುಂದೆ ಕುಂತ್ಕಂಡು ನಿನ್ನ ಮಾನ ಕಳೆಯಾಕಾಯ್ತದಾ? ಅವಳು ಬಾಡಿಗೆಯೋಳು. ಇವತ್ತಿಲ್ಲಿ, ನಾಳೆ ಇನ್ನೆಲ್ಲೋ. ಓಗ್ಲಿ ಬಿಡು, ತೀರೋಯ್ತಲ್ಲ."

ಉಳಿದವರು ಯಾರೂ ಇಲ್ಲ ಅನ್ನಲಿಲ್ಲ. ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಒಬ್ಬಳಾದರೂ 'ನನಗೆ ಗೊತ್ತಿರಲಿಲ್ಲ' ಅನ್ನಲಿ ಎಂದು ಕಾದೆ. ಒಬ್ಬಳೂ ಅನ್ನಲಿಲ್ಲ.

ಕಂಬ ಹಿಡಿದು ಕೂತೆ. ಇಷ್ಟು ವರ್ಷ ನಾನು ಮುಚ್ಚಿಟ್ಟಿದ್ದೇನೆ ಎಂದುಕೊಂಡಿದ್ದೆನಲ್ಲ — ಯಾರಿಂದ ಮುಚ್ಚಿಟ್ಟೆ? ಆ ಮಂಗಳವಾರ ನಾನು "ತಗೊಂಡೋರು ಕಟ್ಟಬೇಕು" ಅಂದಾಗ ಈ ಜಗುಲಿಯ ಮೇಲೆ ಎಲ್ಲರಿಗೂ ತಗೊಂಡವಳು ಯಾರೆಂದು ಗೊತ್ತಿತ್ತು. ಎಲ್ಲರೂ ನನಗಾಗಿ ಬಾಯಿ ಮುಚ್ಚಿಕೊಂಡರು. ಇವರಿಗೆಲ್ಲ ಗೊತ್ತಿದೆ ಎಂಬುದು ನನಗೂ ಗೊತ್ತಿರಲಿಲ್ಲ, ರತ್ನಳಿಗಂತೂ ಇನ್ನೂ ಗೊತ್ತಿಲ್ಲ.

ಇದರಿಂದ ನನ್ನ ತಪ್ಪು ಕಡಿಮೆಯಾಯಿತು ಎಂದು ಹೇಳುತ್ತಿಲ್ಲ. ಹತ್ತು ಪಾಲು ಮಾಡಿ ನನ್ನ ಪಾಲಿನದ್ದಷ್ಟೇ ಹೊರುತ್ತೇನೆ ಅನ್ನುವ ಲೆಕ್ಕ ಇದಕ್ಕೆ ನಡೆಯುವುದಿಲ್ಲ. ಅವರು ನನ್ನನ್ನು ನೋಡಿ ಸುಮ್ಮನಾದರು. ನಾನು ಹೇಳಿದ್ದರೆ ಯಾರೂ ಮೆಟ್ಟಿಲು ಹತ್ತುತ್ತಿರಲಿಲ್ಲ.

ನಿನ್ನೆಯೇ ಗೌರಮ್ಮತ್ತೆಗೆ ಮಿಷನ್ ಕೊಡು, ಎಷ್ಟು ಕೇಳಿದರೂ ಕೊಡುತ್ತೇನೆ ಅಂದೆ. ಮುಖ ಊದಿಸಿಕೊಂಡು ಹೋದವಳು ಇವತ್ತು ಬೆಳಕು ಹರಿಯುತ್ತಲೇ ಸೊಸೆಯ ಕೈಯಲ್ಲಿ ಹೇಳಿ ಕಳಿಸಿದಳು, ಹೊಸದರ ಬೆಲೆ ಕೊಟ್ಟರೆ ತಗೊಂಡು ಹೋಗಲಿ ಅಂತ. ಕೊಟ್ಟೆ. ಮಿಷನ್ ಈಗ ನನ್ನ ಜಗುಲಿಯ ಮೇಲಿದೆ. ಅದನ್ನು ಹೊತ್ತು ತರುವಾಗ ಸೊಸೆ ಒಂದು ತುದಿ ಹಿಡಿದಳು, ನಾನು ಇನ್ನೊಂದು ತುದಿ.

ಮಿಷನ್ ಕೊಡಬಹುದು, ದುಡ್ಡು ಕೊಡಬಹುದು. ಆದರೆ ಅವಳು ಕಾಯುತ್ತಿರುವುದು ಅದಕ್ಕಲ್ಲ. ಭಾನುವಾರ ನಾನು ಹೋದ ಕೂಡಲೇ ಸ್ಟೂಲು ಕೊಟ್ಟು, "ಏನಂದ್ರು ಅಕ್ಕ?" ಎಂದು ಕೇಳುತ್ತಾಳೆ. ಅಯ್ಯೋ ಪಾಪ ಅಂದರು, ನಮಗೆ ಗೊತ್ತಿರಲಿಲ್ಲ ಅಂದರು, ಗೌರಮ್ಮತ್ತೆ ಕಣ್ಣೀರು ಹಾಕಿದಳು — ಹೀಗೆ ಹೇಳಿಬಿಟ್ಟರೆ ಅವಳ ಮುಖ ಅರಳುತ್ತದೆ. ಆ ಮುಖ ನನಗೆ ಈಗಲೇ ಕಾಣುತ್ತಿದೆ. ಹಾಗೆ ಹೇಳಲು ಈ ನಾಲಿಗೆಗೆ ಎಷ್ಟು ಸುಲಭ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಹೇಳುವುದಿಲ್ಲ. ಅವರಿಗೆಲ್ಲ ಗೊತ್ತಿತ್ತು ರತ್ನ, ನೀನು ಬಾಡಿಗೆಯವಳು ಅಂತ ಮಾಡಿದರು — ಅದನ್ನೇ ಹೇಳುತ್ತೇನೆ. ಗಂಜಿ ತಂದುಕೊಟ್ಟ ಕೈಯೂ ಅದೇ, ಮಿಷನ್ ಎತ್ತಿದ ಕೈಯೂ ಅದೇ. ಅವಳು ಇಷ್ಟು ವರ್ಷ ಉಳಿಸಿಕೊಂಡು ಬಂದ ಆ ಒಂದು ನಂಬಿಕೆಯನ್ನೂ ನನ್ನ ಬಾಯಿಂದಲೇ ಕಿತ್ತುಕೊಳ್ಳಬೇಕಾಗಿದೆ. ಭಾನುವಾರಕ್ಕೆ ಲಗೇಜ್ ಆಟೋದವನಿಗೆ ಹೇಳಿದ್ದೇನೆ, ಹೊತ್ತು ಏರುವ ಮುಂಚೆಯೇ ಬಾ ಎಂದು.